ಎಂಟನೆಯ ಕುರ್ಚಿ ಯಾರಿಗೆ? ಪ್ರಮಾಣಾನುಗುಣ ಪ್ರಾತಿನಿಧ್ಯದ ಒಂದು ಅಭ್ಯಾಸ ಪಾಠ

ಒಂಬತ್ತನೆಯ ತರಗತಿಗೆ ಚುನಾವಣೆಯ ಪಾಠ ಮುಗಿಸಿದ ಮೇಲೆ ಒಂದು ಅವಧಿಯನ್ನು ಸ್ವೀಡನ್ನಿಗೆ ಮೀಸಲಿಟ್ಟೆ. ಅಲ್ಲಿ 2026ರ ಸೆಪ್ಟೆಂಬರ್ 13ರಂದು 349 ಸ್ಥಾನಗಳ ಸಂಸತ್ತಿಗೆ ಚುನಾವಣೆ. ಮತದ ಪ್ರಮಾಣಕ್ಕೆ ತಕ್ಕಷ್ಟು ಸ್ಥಾನ ಎಂದರೆ ಮಕ್ಕಳು ತಕ್ಷಣ ಒಪ್ಪುತ್ತಾರೆ. ಭಾಗಾಕಾರದಲ್ಲಿ ಶೇಷ ಉಳಿದಾಗ ತೊಡಕು ಶುರು.

ಬೇಕಾದದ್ದು 40 ಚೀಟಿ, 8 ಕುರ್ಚಿ. ತೆಂಗು, ಮಾವು, ಬೇವು, ನೆಲ್ಲಿ ಎಂಬ ನಾಲ್ಕು ಪಕ್ಷಗಳಿಗೆ 20, 12, 5, 3 ಚೀಟಿ ಕೊಟ್ಟೆ. ಐದು ಚೀಟಿಗೊಂದು ಕುರ್ಚಿಯಂತೆ ತೆಂಗಿಗೆ 4, ಮಾವಿಗೆ 2, ಬೇವಿಗೆ 1. ಎಂಟನೆಯದು ಖಾಲಿ ಉಳಿಯಿತು.

ಆಗ ಸ್ವೀಡನ್ನಿನ ಲೆಕ್ಕವನ್ನು ಹಲಗೆಯ ಮೇಲೆ ಬರೆದೆ. ಪಕ್ಷದ ಮತವನ್ನು ಮೊದಲ ಸ್ಥಾನಕ್ಕೆ 1.2ರಿಂದ, ಮುಂದಿನವಕ್ಕೆ 3, 5, 7, 9ರಿಂದ ಭಾಗಿಸಬೇಕು. ಪ್ರತಿ ಸಲವೂ ದೊಡ್ಡ ಭಾಗಲಬ್ಧಕ್ಕೆ ಕುರ್ಚಿ. ಕೊನೆಯ ಕುರ್ಚಿಗೆ ನೆಲ್ಲಿಯದು 3÷1.2=2.5, ಮಾವಿನದು 12÷5=2.4, ತೆಂಗಿನದು 20÷9=2.2. ನೆಲ್ಲಿ ಗೆದ್ದಿತು. ಬಳಿಕ 1.2 ಅಳಿಸಿ 1.4 ಬರೆದೆ, 2018ರ ಚುನಾವಣೆಗೆ ಮುಂಚೆ ಅಲ್ಲಿದ್ದದ್ದು ಅದೇ. ನೆಲ್ಲಿ 2.14ಕ್ಕೆ ಇಳಿದು, ಕುರ್ಚಿ ಮಾವಿಗೆ ಹೋಯಿತು.

“ಚೀಟಿ ಅಷ್ಟೇ ಇದೆಯಲ್ಲ ಮಿಸ್, ಕುರ್ಚಿ ಹೇಗೆ ಬದಲಾಯ್ತು?” ಎಂದಳು ಹಿಂದಿನ ಬೆಂಚಿನ ಹುಡುಗಿ. ಈ ಪ್ರಶ್ನೆ ಬರುವ ತನಕ ಹಲಗೆಯ ಲೆಕ್ಕವನ್ನು ಅವಸರದಲ್ಲಿ ಮುಗಿಸಬಾರದು. ಇದು ಗಣಿತದ ಪಾಠವಾಯಿತೆಂದು ವೀಕ್ಷಕರು ಟಿಪ್ಪಣಿ ಬರೆದರು. ನನಗೆ ಹಾಗನ್ನಿಸಲಿಲ್ಲ: ಆ ಅಂಕಿಯನ್ನು ಯಾರು ನಿಗದಿ ಮಾಡುತ್ತಾರೆ ಎಂಬುದು ರಾಜ್ಯಶಾಸ್ತ್ರವೇ.

ಮುಂದೆ 2022ರ ನಿಜ ಫಲಿತಾಂಶ. ಬಲಪಂಥದ ನಾಲ್ಕು ಪಕ್ಷಗಳಿಗೆ 176, ಎದುರಿನ ನಾಲ್ಕಕ್ಕೆ 173. ಬಲಪಂಥದ ಕಡೆಯ ಲಿಬರಲ್ ಪಕ್ಷಕ್ಕೆ ಬಂದದ್ದು ಶೇ. 4.6 ಮತ, 16 ಸ್ಥಾನ. ದೇಶದಾದ್ಯಂತ ಶೇ. 4 (ಇಲ್ಲವೇ ಒಂದು ಕ್ಷೇತ್ರದಲ್ಲಿ ಶೇ. 12) ದಾಟದ ಪಕ್ಷಕ್ಕೆ ಅಲ್ಲಿ ಸ್ಥಾನವಿಲ್ಲ. ಆ 16ನ್ನು ಕೈಯಿಂದ ಮುಚ್ಚಿದೆ. ಉಳಿದದ್ದು 160. ಮುಚ್ಚಿದ ಸ್ಥಾನಗಳು ಮಿಕ್ಕ ಏಳು ಪಕ್ಷಗಳಿಗೆ ಹಂಚಿಹೋಗುತ್ತವೆ, ಬಹುಮತ ಆಚೆ ಬದಿಗೆ. ತರಗತಿ ಒಂದು ಕ್ಷಣ ಸುಮ್ಮನಾಯಿತು.

ನಮ್ಮಲ್ಲಿ 2014ರ ಲೋಕಸಭೆ ಚುನಾವಣೆಯಲ್ಲಿ ಬಹುಜನ ಸಮಾಜ ಪಕ್ಷಕ್ಕೆ ಶೇ. 4ಕ್ಕೂ ಹೆಚ್ಚು ಮತ ಬಿದ್ದರೂ ಸ್ಥಾನ ಸೊನ್ನೆ ಎಂದಾಗ, ಹಲವರು ಸ್ವೀಡನ್ನಿನದೇ ಸರಿ ಎಂದರು. “ಹಾಗಾದರೆ ನಮ್ಮ ಕ್ಷೇತ್ರಕ್ಕೇ ಅಂತ ಒಬ್ಬ ಎಂಪಿ ಇರಲ್ವಲ್ಲ” ಎಂದು ಒಬ್ಬ ಹುಡುಗ ತಡೆದ. ನಾನು ತೀರ್ಪು ಕೊಡಲಿಲ್ಲ. ಸೆಪ್ಟೆಂಬರ್ ಫಲಿತಾಂಶದಲ್ಲಿ ಶೇ. 4ರ ಆಚೀಚೆ ನಿಂತ ಪಕ್ಷಗಳನ್ನು ಹುಡುಕಿ ತರುವುದು ಮನೆಗೆಲಸ.