ಹೊಂಡದ ಕೊರವ ಹಿಡಿಯಲು ಕ್ರ್ಯಾಂಕ್‌ಬೈಟ್: ಅಡ್ಡಾದಿಡ್ಡಿ ಓಟವೇ ಗುಟ್ಟು

ಮಳೆಗಾಲ ಹತ್ತಿರ ಬಂದ ಹಾಗೆ ಹೊಂಡ ಇರುವ ಯುವ ರೈತರೆಲ್ಲ ಕೇಳೋದು ಒಂದೇ ಪ್ರಶ್ನೆ: ಕಾಟ್ಲಾ, ರೋಹು ಮರಿ ಯಾವಾಗ ಬಿಡಬೇಕು? ಅದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ನಿಮ್ಮ ಹೊಂಡದಲ್ಲಿ ಈಗಾಗಲೇ ಯಾರು ಇದ್ದಾರೆ?

ನಮ್ಮ ಸುತ್ತೂರು, ನಂಜನಗೂಡು, ತಿ. ನರಸೀಪುರ ಕಡೆ ಕಪಿಲಾ ಹೊಳೆ, ಕಬಿನಿ ನಾಲೆ, ಕೆರೆ, ಗದ್ದೆ ಎಲ್ಲ ಒಂದಕ್ಕೊಂದು ಅಂಟಿಕೊಂಡೇ ಇವೆ. ನಾಲೆ ನೀರು ಬಿಟ್ಟುಕೊಂಡ ಹೊಂಡಕ್ಕೆ ನೀರಿನ ಜೊತೆ ಕೊರವ ಮೀನೂ ಬರುತ್ತೆ. ಇದನ್ನೇ ಕೆಲವರು ಮರಲ್ ಅಂತಾರೆ. ಇದು ಗಾಳಿ ಕುಡಿದು ಬದುಕಬಲ್ಲ ಮೀನು. ಮಳೆ ಬಿದ್ದ ಒದ್ದೆ ನೆಲದ ಮೇಲೆ ತೆವಳಿ ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಗುತ್ತೆ, ನೀರು ಇಂಗಿದರೆ ಕೆಸರಲ್ಲಿ ಹೂತುಕೊಂಡು ಕಾಯುತ್ತೆ. ಹಾಗಾಗಿ 'ನಾನು ಕೊರವ ಬಿಟ್ಟೇ ಇಲ್ಲ' ಅನ್ನೋ ಮಾತಿಗೆ ಅರ್ಥ ಇಲ್ಲ.

ಲೆಕ್ಕ ನೋಡಿ. 21 ಮೀಟರ್ ಉದ್ದ, 21 ಮೀಟರ್ ಅಗಲದ ಕೃಷಿ ಹೊಂಡ ಅಂದ್ರೆ 441 ಚದರ ಮೀಟರ್. ಹೆಕ್ಟೇರಿಗೆ 5,000 ಮರಿ ಲೆಕ್ಕದಲ್ಲಿ ಬಿಟ್ಟರೆ ಸುಮಾರು 220 ಮರಿ ಹಿಡಿಯುತ್ತೆ. ಇಷ್ಟು ಕಡಿಮೆ ಮರಿ ಇರುವ ಕಡೆ ಮೂರು ನಾಲ್ಕು ದೊಡ್ಡ ಕೊರವ ಇದ್ದರೆ ವರ್ಷದ ಕೊನೆಗೆ ಬಲೆ ಎಳೆದಾಗ ಸಿಗೋದು ಎಷ್ಟು ಅಂತ ನೀವೇ ಊಹಿಸಿ. ಈ ಕೊರವಗಳನ್ನ ಮರಿ ಬಿಡೋ ಮೊದಲೇ ತೆಗೆಯೋಕೆ ನಾನು ಬಳಸುವ ಒಂದು ಸಾಧನದ ಬಗ್ಗೆ ಈ ವಾರ ಹೇಳ್ತೀನಿ. ಅದೇ ಕ್ರ್ಯಾಂಕ್‌ಬೈಟ್.

ಏನಿದು ಕ್ರ್ಯಾಂಕ್‌ಬೈಟ್?

ಮರ ಅಥವಾ ಪ್ಲಾಸ್ಟಿಕ್‌ನಲ್ಲಿ ಮಾಡಿದ ಮೀನಿನ ಆಕಾರದ ಗಾಳ. ಮೂತಿಯ ಕೆಳಗೆ ಚಮಚದಂಥ ಒಂದು ತುಟಿ ಇರುತ್ತೆ. ಸುಮ್ಮನೆ ಬಿಟ್ಟರೆ ತೇಲುತ್ತೆ. ರೀಲ್ ಸುತ್ತಿದರೆ ತುಟಿಗೆ ನೀರು ಬಡಿದು ಗಾಳ ಕೆಳಗೆ ಮುಳುಗುತ್ತೆ, ಮೈ ಎಡಕ್ಕೂ ಬಲಕ್ಕೂ ನಡುಗುತ್ತೆ. ಎರೆಹುಳ, ಕಪ್ಪೆ ಯಾವುದೂ ಬೇಡ.

ಅಮೆರಿಕದಲ್ಲಿ ವಾಲೈ, ಬಾಸ್ ಅನ್ನೋ ಬೇಟೆ ಮೀನುಗಳಿಗೆ ಇದನ್ನ ಹೆಚ್ಚಾಗಿ ಬಳಸ್ತಾರೆ. ನಮ್ಮಲ್ಲಿ ಆ ಮೀನುಗಳಿಲ್ಲ, ಆದರೆ ಹೊಂಚು ಹಾಕಿ ಹಾರುವ ಕೊರವ ಇದೆ. ಫಿನ್‌ಲ್ಯಾಂಡಿನ ಮೀನುಗಾರ ಲೌರಿ ರಾಪಾಲಾ ಇಂಥದ್ದೇ ನಡುಗುವ ಗಾಳವನ್ನ 1936ರಲ್ಲಿ ಬೆಂಡಿನಿಂದ ಕೆತ್ತಿದರು. ಚಾಕೊಲೇಟ್ ಸುತ್ತಿ ಬರುವ ಬೆಳ್ಳಿ ಕಾಗದವನ್ನೇ ಹೊಳಪಿಗೆ ಅಂಟಿಸಿದ್ದರು. ದೊಡ್ಡ ಮೀನು ಸಣ್ಣ ಮೀನಿನ ಗುಂಪಿಗೆ ನುಗ್ಗಿದಾಗ, ಸರಿಯಾಗಿ ಈಜಲಾಗದೆ ಕುಂಟುವ ಮೀನನ್ನೇ ಮೊದಲು ಹಿಡಿಯುತ್ತೆ ಅನ್ನೋದನ್ನ ಅವರು ಗಮನಿಸಿದ್ದರು. ಇವತ್ತಿನ ಪಾಠವೂ ಇಷ್ಟೇ. ಕೊರವ ಬಾಯಿ ಹಾಕೋದು ಗಾಳದ ಬಣ್ಣಕ್ಕೂ ಅಲ್ಲ, ಬೆಲೆಗೂ ಅಲ್ಲ. ಅದರ ಓಟ ತಪ್ಪಿದ ಕ್ಷಣಕ್ಕೆ.

ಗಾಳಿಪಟದ ಸೂತ್ರ

ಆಷಾಢದಲ್ಲಿ ಗಾಳಿಪಟ ಹಾರಿಸಿದವರಿಗೆ ಇದು ಬೇಗ ಅರ್ಥವಾಗುತ್ತೆ. ಸೂತ್ರ ಸರಿಯಿದ್ದ ಪಟ ನಿಂತ ಕಡೆ ನಿಂತಿರುತ್ತೆ. ಸೂತ್ರ ಪೂರ್ತಿ ತಪ್ಪಿದ ಪಟ ಗಿರಗಿರ ತಿರುಗಿ ಬೀಳುತ್ತೆ. ಎರಡರ ನಡುವೆ ಇನ್ನೊಂದು ಪಟ ಇದೆ. ಸ್ವಲ್ಪ ಹೊತ್ತು ನೆಟ್ಟಗೆ ಹಾರಿ, ಗಾಳಿ ಜೋರಾದಾಗ ಒಂದು ಪಕ್ಕಕ್ಕೆ ಗೋತಾ ಹೊಡೆದು ಮತ್ತೆ ತನ್ನಷ್ಟಕ್ಕೆ ನೆಟ್ಟಗಾಗುತ್ತೆ. ಕ್ರ್ಯಾಂಕ್‌ಬೈಟ್ ನೀರಿನೊಳಗಿನ ಗಾಳಿಪಟ. ನಮಗೆ ಬೇಕಾಗಿರೋದು ಆ ಮೂರನೇ ಪಟ.

ತುಟಿ ಅಗಲ ಇದ್ದು, ಹೊಟ್ಟೆಯ ತೂಕ ಹದವಾಗಿದ್ದರೆ ಗಾಳ ನಾಲ್ಕೈದು ಅಡಿ ನೆಟ್ಟಗೆ ಬಂದು, ಇದ್ದಕ್ಕಿದ್ದಂತೆ ಪಕ್ಕಕ್ಕೆ ಜಿಗಿದು, ಮತ್ತೆ ದಾರಿಗೆ ಬರುತ್ತೆ. ಹೊರದೇಶದ ಗಾಳಗಾರರು ಇದಕ್ಕೆ ಹಂಟಿಂಗ್ ಅಂತಾರೆ. ಇಲ್ಲಿ ಒಂದು ವ್ಯತ್ಯಾಸ ನೆನಪಿಡಿ: ಎಸೆದಾಗಲೆಲ್ಲ ಒಂದೇ ಪಕ್ಕಕ್ಕೆ ಎಳೆಯುವ ಗಾಳ ಹಂಟಿಂಗ್ ಮಾಡ್ತಿಲ್ಲ, ಅದರ ಸೂತ್ರ ತಪ್ಪಿದೆ ಅಷ್ಟೇ.

ಅದನ್ನ ಸರಿ ಮಾಡೋದು ಸುಲಭ. ಗಾಳದ ಮೂತಿ ನಿಮ್ಮ ಕಡೆ ಇರುವಂತೆ ಹಿಡಿದುಕೊಳ್ಳಿ. ಎಳೆಯುವಾಗ ಅದು ನಿಮ್ಮ ಎಡಕ್ಕೆ ಓಡ್ತಿದ್ದರೆ, ದಾರ ಕಟ್ಟುವ ತಂತಿ ಕಣ್ಣನ್ನ ಇಕ್ಕಳದಿಂದ ನಿಮ್ಮ ಬಲಕ್ಕೆ ಕೂದಲೆಳೆಯಷ್ಟು ಬಗ್ಗಿಸಿ. ಮತ್ತೆ ಎಳೆದು ನೋಡಿ. ಒಮ್ಮೆಗೇ ಜಾಸ್ತಿ ಬಗ್ಗಿಸಬೇಡಿ, ಕಣ್ಣು ಸಡಿಲ ಆಗುತ್ತೆ.

ಇಲ್ಲಿ ನಿಮ್ಮ ಫೋನ್ ಕೆಲಸಕ್ಕೆ ಬರುತ್ತೆ. ಪಂಪ್‌ಸೆಟ್ ತೊಟ್ಟಿಯ ತಿಳಿ ನೀರಲ್ಲಿ ಗಾಳ ಎಳೆಯಿರಿ, ಗೆಳೆಯನ ಕೈಲಿ ಮೇಲಿನಿಂದ ಸ್ಲೋ ಮೋಷನ್ ವಿಡಿಯೋ ತೆಗೆಸಿ. ಯಾವ ವೇಗಕ್ಕೆ ನಡುಗುತ್ತೆ, ಯಾವ ವೇಗಕ್ಕೆ ಪಕ್ಕಕ್ಕೆ ಜಿಗಿಯುತ್ತೆ, ನಿಲ್ಲಿಸಿದಾಗ ಹೇಗೆ ಮೇಲೇಳುತ್ತೆ, ಎಲ್ಲ ಕಾಣುತ್ತೆ. ಹೊಂಡದ ಕೆಂಪು ನೀರಲ್ಲಿ ಇದ್ಯಾವುದೂ ಕಾಣಲ್ಲ. ತೊಟ್ಟಿಯಲ್ಲಿ ಕೈಗೆ ಅಭ್ಯಾಸವಾದ ವೇಗವನ್ನೇ ಅಲ್ಲಿ ನಂಬಬೇಕು.

ಓಟವನ್ನ ಕೈಯಿಂದ ಕೆಡಿಸೋದು

ಎಲ್ಲ ಗಾಳವೂ ತಾನಾಗೇ ಜಿಗಿಯಲ್ಲ. ಆಗ ನಾವೇ ಓಟ ಕೆಡಿಸಬೇಕು. ನಾನು ಮಾಡೋದು ಹೀಗೆ:

1. ಐದು ಸುತ್ತು ನಿಧಾನವಾಗಿ ಸುತ್ತಿ, ಎರಡು ಸೆಕೆಂಡ್ ನಿಲ್ಲಿಸಿ, ಎರಡು ಸುತ್ತು ಜೋರಾಗಿ ಸುತ್ತಿ. ನಿಲ್ಲಿಸಿದಾಗ ಗಾಳ ಸುಸ್ತಾದ ಮೀನಿನ ಹಾಗೆ ಮೇಲೇಳುತ್ತೆ. ಎಷ್ಟೋ ಸಲ ಹೊಡೆತ ಬೀಳೋದು ಆಗಲೇ.
2. ಗಾಳ ಮುಳುಗಿರುವ ಕಲ್ಲಿಗೋ ಕೊರಡಿಗೋ ತಗುಲಿದರೆ ಎಳೆದಾಡಬೇಡಿ. ದಾರ ಸಡಿಲ ಬಿಡಿ, ತೇಲಿ ಬಿಡಿಸಿಕೊಳ್ಳುತ್ತೆ. ಕಲ್ಲಿಗೆ ಬಡಿದು ಪಕ್ಕಕ್ಕೆ ಚಿಮ್ಮುವ ಗಾಳ ಕೊರವಕ್ಕೆ ದಾರಿ ತಪ್ಪಿದ ಮೀನಿನ ಹಾಗೇ ಕಾಣುತ್ತೆ.
3. ಕೊರವ ಗಾಳಿ ಕುಡಿಯೋಕೆ ಮೇಲೆ ಬಂದಾಗ ನೀರಲ್ಲಿ ಒಂದು ಬಳೆ ಮೂಡುತ್ತೆ. ಅದರ ತಲೆ ಮೇಲೆ ಎಸೆಯಬೇಡಿ. ಏಳೆಂಟು ಅಡಿ ಆಚೆ ಎಸೆದು, ಆ ಜಾಗದ ಪಕ್ಕದಲ್ಲಿ ಹಾದು ಬರೋ ಹಾಗೆ ಎಳೆಯಿರಿ.

ಬೆಳಗ್ಗೆ ಬಿಸಿಲೇರುವ ಮೊದಲು, ಸಂಜೆ ಹೊತ್ತು ಇಳಿಯುವಾಗ ಒಳ್ಳೇ ಸಮಯ.

ಸಾಮಾನು ಯಾವುದು?

5ರಿಂದ 7 ಸೆಂ.ಮೀ. ಉದ್ದದ, ಎರಡು ಮೂರು ಅಡಿ ಮಾತ್ರ ಮುಳುಗುವ ಗಾಳ ತಗೊಳ್ಳಿ. ಬೇಸಿಗೆಯಲ್ಲಿ ಹೊಂಡದಲ್ಲಿ ಉಳಿಯೋದೇ ನಾಲ್ಕೈದು ಅಡಿ ನೀರು. ತುಟಿ ಚಿಕ್ಕದಾಗಿ ಕೆಳಕ್ಕೆ ಬಾಗಿದ್ದರೆ ಕಡಿಮೆ ಆಳ, ಉದ್ದವಾಗಿ ಮುಂದಕ್ಕೆ ಚಾಚಿದ್ದರೆ ಹೆಚ್ಚು ಆಳ. ಆರೂವರೆ ಅಡಿ ರಾಡ್, 30 ಪೌಂಡಿನ ಹೆಣೆದ ದಾರ, ಅದರ ತುದಿಗೆ ಕೊರವದ ಹಲ್ಲು ತಡೆಯೋಕೆ ಒಂದೂವರೆ ಅಡಿ ದಪ್ಪ ನೈಲಾನ್ ಸಾಕು. ಗಾಳಕ್ಕೆ ದಾರ ಬಿಗಿಯಾಗಿ ಕಟ್ಟಬೇಡಿ, ಸಣ್ಣ ಕುಣಿಕೆ ಬಿಟ್ಟು ಕಟ್ಟಿ. ಬಿಗಿದ ಗಂಟು ಗಾಳದ ನಡುಕವನ್ನೇ ಕೊಲ್ಲುತ್ತೆ. ಕೊಕ್ಕೆಯ ಮುಳ್ಳನ್ನ ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿ. ಮೀನಿಗೂ ನಿಮ್ಮ ಬೆರಳಿಗೂ ಒಳ್ಳೇದು.

ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಮಾತ್ರ ಕ್ರ್ಯಾಂಕ್‌ಬೈಟ್ ಬೇಡವೇ ಬೇಡ. ಮೂರು ಮೊನೆಯ ಕೊಕ್ಕೆ ಒಂದು ಸಲ ಹಾಳೆಗೆ ಸಿಕ್ಕಿದರೆ ಹೊಂಡದ ನೀರೆಲ್ಲ ನೆಲದ ಪಾಲು. ಅಲ್ಲಿ ಕೊಕ್ಕೆ ಮೇಲ್ಮುಖ ಇರುವ ತೇಲುವ ರಬ್ಬರ್ ಕಪ್ಪೆ ಬಳಸಿ, ಇಲ್ಲವೇ ಬಲೆ ಎಳೆಯಿರಿ. ಕಳೆ ತುಂಬಿದ ನೀರಿಗೂ ಕಪ್ಪೆ ಗಾಳವೇ ಸರಿ.

ಗಾಳ ಎಲ್ಲವನ್ನೂ ಮಾಡಲ್ಲ

ಗಾಳಕ್ಕೆ ಬೀಳೋದು ದೊಡ್ಡ, ಹಸಿದ ಕೊರವ. ಸಣ್ಣವು ಉಳಿದೇ ಉಳಿಯುತ್ತವೆ. ಹೊಂಡ ಪೂರ್ತಿ ಒಣಗಿಸೋಕೆ ಆದರೆ ಅದೇ ಉತ್ತಮ. ಆಗದಿದ್ದರೆ ಹಿಪ್ಪೆ ಹಿಂಡಿ ಇದೆ. ಒಂದು ಮೀಟರ್ ಆಳದ ನೀರಿಗೆ ಹೆಕ್ಟೇರಿಗೆ 2,500 ಕೆ.ಜಿ., ಅಂದ್ರೆ 21 ಮೀಟರ್ ಹೊಂಡಕ್ಕೆ ಸುಮಾರು 110 ಕೆ.ಜಿ. ಹಾಕಿದ ಮೇಲೆ ಮೂರು ವಾರ ಬಿಟ್ಟೇ ಮರಿ ಬಿಡಬೇಕು. ಪೈರಿಗೆ ಹೊಡೆಯುವ ಕೀಟನಾಶಕ ಮಾತ್ರ ಸುರೀಬೇಡಿ. ಆ ನೀರು ನಿಮ್ಮ ದನ ಕುಡಿಯುತ್ತೆ, ಸತ್ತ ಮೀನನ್ನ ಯಾರೋ ತಿನ್ನುತ್ತಾರೆ. ಮರಿಯನ್ನೂ 8ರಿಂದ 10 ಸೆಂ.ಮೀ. ಬೆಳೆದದ್ದನ್ನೇ ತನ್ನಿ, ಉಳಿದ ಸಣ್ಣ ಕೊರವಕ್ಕೆ ಅದು ಸುಲಭದ ತುತ್ತಲ್ಲ. ಅನುಮಾನ ಇದ್ದರೆ ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರದಲ್ಲೋ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲೋ ಕೇಳಿ.

ಹಿಡಿದ ಕೊರವವನ್ನ ಎಸೆಯಬೇಡಿ. ಮುಳ್ಳು ಕಡಿಮೆ, ಜೀವಂತ ಒಯ್ದರೆ ಮಾರುಕಟ್ಟೆಯಲ್ಲಿ ಕಾಟ್ಲಾಗಿಂತ ಒಳ್ಳೇ ಬೆಲೆ. ಗಾಳಕ್ಕೆ ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕಿದರೆ ಯಾವ ನೀರಿಗೂ ವಾಪಸ್ ಬಿಡಬೇಡಿ. ಅದು ಹೊರದೇಶದ ಮೀನು, ಸಾಕೋದಕ್ಕೆ ನಿಷೇಧ ಇದೆ, ಸಿಕ್ಕಿದ್ದೆಲ್ಲ ತಿಂದು ಮುಗಿಸುತ್ತೆ.

ಹೊಂಡದ ನಿಯಮ ಹೊಳೆಗೆ ಬೇಡ

ಹೊಂಡ ನಿಮ್ಮದು, ಅಲ್ಲಿ ಕೊರವ ತೆಗೆಯೋದು ಕೃಷಿ ಕೆಲಸ. ಹೊಳೆ, ಕೆರೆ ಹಾಗಲ್ಲ. ಮೀನು ಹಿಡಿಯುವ ಹಕ್ಕು ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಹೋಗಿರುತ್ತೆ, ಕೇಳಿಯೇ ಗಾಳ ಹಾಕಿ. ಮಳೆಗಾಲದಲ್ಲಿ ಕೊರವದ ಕೆಂಪು ಮರಿಗಳು ಗುಂಪಾಗಿ ನೀರಿನ ಮೇಲೆ ಕುದಿಯುವ ಹಾಗೆ ಕಾಣುತ್ತವೆ, ತಂದೆ ತಾಯಿ ಕೆಳಗೆ ಕಾವಲಿರುತ್ತವೆ. ಕೋಪಕ್ಕೆ ಅವು ಎಂಥ ಗಾಳಕ್ಕೂ ಬಾಯಿ ಹಾಕುತ್ತವೆ. ಕೆರೆಯಲ್ಲಿ ಅವನ್ನ ಹಿಡಿದರೆ ಆ ಮರಿಗಳೆಲ್ಲ ಬೇರೆ ಮೀನಿನ ಪಾಲು. ಮುಂದಿನ ವರ್ಷ ಕೆರೆಯಲ್ಲಿ ಏನು ಹಿಡಿಯುತ್ತೀರಿ?

ಹೊಳೆಯಲ್ಲಿ ಇದೇ ಗಾಳಕ್ಕೆ ಬಿಳಿ ಮೀನು, ಅಂದ್ರೆ ಮಹಶೀರ್ ಸಹ ಬೀಳಬಹುದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಹಿಡಿದ 120 ಪೌಂಡ್, ಅಂದ್ರೆ ಸುಮಾರು 54 ಕೆ.ಜಿ. ತೂಕದ ದಾಖಲೆ ಮಹಶೀರ್ ಸಿಕ್ಕಿದ್ದು ಇದೇ ಕಬಿನಿಯಲ್ಲಿ. ಕಾವೇರಿ ಸೀಮೆಯ ಆ ಡುಬ್ಬದ ಮಹಶೀರ್ 2018ರಿಂದ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಸಿಕ್ಕಿದರೆ ನೀರಲ್ಲೇ ಇಟ್ಟು ಕೊಕ್ಕೆ ಬಿಡಿಸಿ, ಕಳಿಸಿಕೊಡಿ.

ಜೀವ ಮೊದಲು

- ಕಾರ್ಬನ್ ರಾಡ್‌ನಲ್ಲಿ ಕರೆಂಟ್ ಹರಿಯುತ್ತೆ. ಪಂಪ್‌ಸೆಟ್ ತಂತಿ ಜೋತುಬಿದ್ದಿರುವ ಕಡೆ ರಾಡ್ ಎತ್ತಲೇಬೇಡಿ.
- ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆ ಏರುತ್ತೆ. ಮಳೆಗಾಲದಲ್ಲಿ ಗಾಳಕ್ಕೆ ಅಂತ ಹೊಳೆಗೆ ಇಳೀಬೇಡಿ.
- ಕೃಷಿ ಹೊಂಡದ ಇಳಿಜಾರು ಜಾರುತ್ತೆ. ಒಬ್ಬರೇ ಹೋಗಬೇಡಿ, ಒಂದು ಹಗ್ಗ ಕಟ್ಟಿಟ್ಟಿರಿ.
- ತುಂಡಾದ ದಾರ, ಕೊಕ್ಕೆ ದಡದಲ್ಲಿ ಬಿಡಬೇಡಿ. ಮೇಯುವ ದನದ ಬಾಯಿಗೆ ಹೋಗುತ್ತೆ.

ಈ ವಾರದ ಕೆಲಸ

ಒಂದು ಸಂಜೆ ಅರ್ಧ ಗಂಟೆ ಹೊಂಡದ ದಡದಲ್ಲಿ ಸುಮ್ಮನೆ ಕೂತು, ಎಷ್ಟು ಕಡೆ ಬಳೆ ಮೂಡುತ್ತೆ ಎಣಿಸಿ. ಫೋನಿನಲ್ಲಿ ದಿನಾಂಕ, ನೀರಿನ ಆಳ, ಎಣಿಕೆ ಬರೆದಿಡಿ. ಆಮೇಲೆ ತೊಟ್ಟಿಯಲ್ಲಿ ಗಾಳದ ಓಟ ನೋಡಿ, ಹೊಂಡಕ್ಕೆ ಹೋಗಿ. ಎರಡು ವಾರ ಗಾಳ ಹಾಕಿದ ಮೇಲೆ ಮತ್ತೆ ಎಣಿಸಿ. ಸಂಖ್ಯೆ ಇಳಿದಿದ್ದರೆ ಮರಿ ತರುವ ಮಾತು. ಇಳಿಯದಿದ್ದರೆ ಮರಿಯ ದುಡ್ಡು ಜೇಬಿನಲ್ಲೇ ಇರಲಿ, ಮೊದಲು ಹಿಪ್ಪೆ ಹಿಂಡಿಯ ವ್ಯವಸ್ಥೆ ಮಾಡಿ.