ಮೇವಿನ ಯಂತ್ರದ ಮೋಟಾರು ಗುಂಯ್‌ಗುಟ್ಟಿ ನಿಂತಾಗ

ಜೋಳದ ದಂಟನ್ನಾಗಲಿ ನೇಪಿಯರ್ ಹುಲ್ಲನ್ನಾಗಲಿ ಇಡಿಯಾಗಿ ಹಾಕಿದರೆ ದನಗಳು ಎಲೆಯನ್ನು ಆರಿಸಿ ತಿಂದು ದಂಟನ್ನು ತುಳಿದು ಹಾಳುಮಾಡುತ್ತವೆ. ಆದ್ದರಿಂದ ಮೇವು ಕತ್ತರಿಸುವ ಯಂತ್ರ ಒಂದು ದಿನ ನಿಂತರೂ ನಷ್ಟವೇ. ಸಿಂಗಲ್ ಫೇಸ್ ಮೋಟಾರಿನ ಹಳೆಯ ಯಂತ್ರಗಳಲ್ಲಿ ಪದೇ ಪದೇ ಕಾಣುವ ತೊಂದರೆ ಎಂದರೆ, ಸ್ವಿಚ್ಚು ಹಾಕಿದಾಗ ಮೋಟಾರು ಗುಂಯ್ ಎನ್ನುತ್ತದೆ, ಆದರೆ ತಿರುಗುವುದಿಲ್ಲ. ಕೂಡಲೇ ವೈಂಡಿಂಗ್ ಸುಟ್ಟಿತೆಂದು ಅದನ್ನು ಪೇಟೆಗೆ ಒಯ್ಯುವವರುಂಟು. ಆದರೆ ದೋಷ ಎಷ್ಟೋ ವೇಳೆ ವೈಂಡಿಂಗಿನ ಹೊರಗಿರುತ್ತದೆ. ಕ್ರಮವಾಗಿ ನೋಡಿದರೆ ಅದನ್ನು ಗುರುತಿಸಬಹುದು.

ಮೊದಲು ವಿದ್ಯುತ್ ನಿಲ್ಲಿಸಿ

ತಿರುಗದೆ ನಿಂತ ಮೋಟಾರು ಮಾಮೂಲಿಗಿಂತ ಹಲವು ಪಟ್ಟು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಹಾಗೆಯೇ ಬಿಟ್ಟರೆ ಸರಿಯಾಗಿದ್ದ ವೈಂಡಿಂಗೂ ಸುಡುತ್ತದೆ. ಆದ್ದರಿಂದ ಗುಂಯ್ ಎಂದೊಡನೆ ಸ್ವಿಚ್ಚು ತೆಗೆಯಿರಿ. ಅನಂತರ ಮೈನ್ ಸ್ವಿಚ್ಚು ತೆಗೆದು, ಫ್ಯೂಸುಗಳನ್ನು ಕಳಚಿ ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಬೆಲ್ಟನ್ನು ಕೈಯಿಂದ ಎಳೆದು ಮೋಟಾರನ್ನು ಓಡಿಸುವ ಅಭ್ಯಾಸ ಕೆಲವರಿಗುಂಟು. ಇದರಿಂದ ಬೆರಳು, ಕೈ ಕಳೆದುಕೊಳ್ಳುವ ಅಪಾಯವಿದೆ. ಹಾಗೆ ಎಂದೂ ಮಾಡಬಾರದು.

ದೋಷ ಯಂತ್ರದ್ದೋ ಮೋಟಾರಿನದೋ?

ಬೆಲ್ಟನ್ನು ಕಳಚಿರಿ. ಯಂತ್ರದ ಉರುಳೆಗಳ ನಡುವೆ ಮೇವು ಸಿಕ್ಕಿಕೊಂಡಿದ್ದರೆ ಕೋಲಿನಿಂದ ಬಿಡಿಸಿ. ಅಲಗಿನ ಬಳಿ ಕೈ ಹಾಕಬೇಡಿ. ಮೋಟಾರಿನ ದಂಡವನ್ನು ಕೈಯಿಂದ ತಿರುಗಿಸಿ ನೋಡಿ. ಹಗುರವಾಗಿ ತಿರುಗಬೇಕು. ಬಿಗಿಯಾಗಿದ್ದರೆ, ಗರಗರ ಎಂದರೆ ಅಥವಾ ಮೇಲೆ ಕೆಳಗೆ ಅಲುಗಾಡಿದರೆ ಬೇರಿಂಗು ಸವೆದಿದೆ ಎಂದು ತಿಳಿಯಿರಿ.

ದಂಡ ಸರಾಗವಾಗಿದ್ದರೆ, ಯಾರೂ ಹತ್ತಿರ ನಿಲ್ಲದಂತೆ ನೋಡಿಕೊಂಡು, ಬೆಲ್ಟಿಲ್ಲದೆ 2–3 ಸೆಕೆಂಡು ಮಾತ್ರ ವಿದ್ಯುತ್ ಕೊಡಿ. ಬರಿಯ ಮೋಟಾರು ಓಡಿದರೆ ಯಂತ್ರದ ಭಾರ, ಅತಿ ಬಿಗಿಯಾದ ಬೆಲ್ಟು ಅಥವಾ ಕಡಿಮೆ ವೋಲ್ಟೇಜು ಕಾರಣವಿರಬಹುದು. ವೋಲ್ಟೇಜು 230ರಿಂದ 184ಕ್ಕೆ, ಎಂದರೆ ಐದರಲ್ಲೊಂದು ಪಾಲು ಇಳಿದರೆ, ಮೋಟಾರಿನ ತಿರುಗಿಸುವ ಬಲ ಶೇಕಡಾ 64ಕ್ಕೆ ಇಳಿಯುತ್ತದೆ. ದೂರದಿಂದ ಎಳೆದ ತೆಳು ತಂತಿಯಿಂದಲೂ ಹೀಗಾಗುವುದುಂಟು.

ಆಗಲೂ ಗುಂಯ್ ಎಂದರೆ

ಹೆಚ್ಚಾಗಿ ಬಳಕೆಯಲ್ಲಿರುವ ಮೋಟಾರುಗಳಲ್ಲಿ ಓಟ ಆರಂಭಿಸಲು ಒಂದು ಕೆಪಾಸಿಟರ್ ಇದ್ದು, ವೇಗ ಬಂದ ಮೇಲೆ ಒಳಗಿನ ಸ್ವಿಚ್ಚೊಂದು ಅದನ್ನು ಬೇರ್ಪಡಿಸುತ್ತದೆ. ಸರಿಯಾದ ಮೋಟಾರನ್ನು ನಿಲ್ಲಿಸಿದಾಗ ವೇಗ ಇಳಿಯುತ್ತಾ ಬಂದಂತೆ 'ಟಕ್' ಎಂದು ಕೇಳುವ ಸದ್ದು ಈ ಸ್ವಿಚ್ಚಿನದೇ. ಮೇವಿನ ಧೂಳು ಸೇರಿ ಅದರ ಮೊನೆಗಳು ಕರಿಗಟ್ಟಿದರೆ ಮೋಟಾರು ಏಳುವುದಿಲ್ಲ. ನಯವಾದ ಉಪ್ಪುಕಾಗದದಿಂದ ಮೊನೆಗಳನ್ನು ಉಜ್ಜಿ, ಧೂಳು ಒರೆಸಿದರೆ ಅನೇಕ ವೇಳೆ ಸರಿಹೋಗುತ್ತದೆ.

ಕೆಪಾಸಿಟರ್ ಉಬ್ಬಿದ್ದರೆ ಅಥವಾ ಸೋರಿದ್ದರೆ ಬದಲಾಯಿಸಬೇಕು. ವಿದ್ಯುತ್ ನಿಲ್ಲಿಸಿದ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರಬಹುದು, ಬರಿಗೈಯಿಂದ ಮುಟ್ಟಬೇಡಿ. ಇದನ್ನೂ ಒಳಗಿನ ಸ್ವಿಚ್ಚನ್ನೂ ಬಲ್ಲ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸಿ. ಹೊಸದು ಹಳೆಯದರಷ್ಟೇ ಮೈಕ್ರೋಫ್ಯಾರಡ್ ಇರಬೇಕು. ಅದರ ಮೇಲೆ ಬರೆದ ವೋಲ್ಟು ಹಳೆಯದಕ್ಕಿಂತ ಕಡಿಮೆ ಇರಕೂಡದು.

ಇವೆಲ್ಲ ಸರಿಯಿದ್ದೂ ಓಡದಿದ್ದರೆ, ಸುಟ್ಟ ವಾಸನೆ ಬಂದರೆ ಅಥವಾ ಫ್ಯೂಸು ಮತ್ತೆ ಮತ್ತೆ ಹೋದರೆ ವೈಂಡಿಂಗನ್ನು ಮೆಗ್ಗರ್‌ನಿಂದ ಪರೀಕ್ಷೆ ಮಾಡಿಸಿ. ಆ ಪರೀಕ್ಷೆಯಾಗದೆ ಹೊಸ ವೈಂಡಿಂಗಿಗೆ ಹಣ ಕೊಡಬೇಡಿ.

ದುರಸ್ತಿಯ ನಂತರ

ಅರ್ತಿಂಗ್ ತಂತಿ ಮೋಟಾರಿನ ಮೈಗೆ ಭದ್ರವಾಗಿದೆಯೇ ನೋಡಿ. ಬೆಲ್ಟಿಗೂ ಗಾಲಿಗೂ ಮುಚ್ಚಳ ಹಾಕದೆ ಯಂತ್ರ ಓಡಿಸಬೇಡಿ. ವಾರಕ್ಕೊಮ್ಮೆ ವಿದ್ಯುತ್ ನಿಲ್ಲಿಸಿ, ಮೋಟಾರಿನ ಗಾಳಿಕಿಂಡಿಗಳಲ್ಲಿ ಕುಳಿತ ಹೊಟ್ಟನ್ನು ಒಣ ಬ್ರಷ್ಷಿನಿಂದ ತೆಗೆಯಿರಿ. ಇಷ್ಟು ಮಾಡಿದರೆ ಹಳೆಯ ಮೋಟಾರೂ ಇನ್ನೂ ಅನೇಕ ವರ್ಷ ದುಡಿಯುತ್ತದೆ. ದುಡಿಸುವವರ ಕೈಗಳೂ ಕ್ಷೇಮವಾಗಿರುತ್ತವೆ.