ಅಡುಗೆಮನೆಯ ಹೊಗೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ



ವಾಯುಮಾಲಿನ್ಯವೆಂದೊಡನೆ ನಗರದ ವಾಹನಗಳು ಮತ್ತು ಕಾರ್ಖಾನೆಗಳ ಚಿಮಣಿಗಳು ಕಣ್ಣ ಮುಂದೆ ಬರುತ್ತವೆ. ಆದರೆ ಸೌದೆ, ಹತ್ತಿಕಡ್ಡಿ, ಬೆರಣಿಗಳನ್ನು ಉರಿಸುವ ಬಡ ಕುಟುಂಬ ಉಸಿರಾಡುವ ಹೊಗೆಯ ಬಹುಪಾಲು ಅದರ ಒಲೆಯಿಂದಲೇ ಏಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನರು ಮೃತಪಟ್ಟರು. ಅವರಲ್ಲಿ 2.37 ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು.

ಹೊಗೆಯಲ್ಲಿ ಕಣ್ಣಿಗೆ ಕಾಣುವ ಮಸಿಗಿಂತ ಕಾಣದ ಸೂಕ್ಷ್ಮ ಕಣಗಳು ಹೆಚ್ಚು ಅಪಾಯಕಾರಿ. 2.5 ಮೈಕ್ರಾನ್‌ಗಿಂತ ಚಿಕ್ಕದಾದ, ಅಂದರೆ ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಭಾಗದಷ್ಟಿರುವ ಈ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಇಂತಹ ಕಣಗಳ 24 ಗಂಟೆಗಳ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದೆಂಬುದು ನಮ್ಮ ದೇಶದ ಮಾನದಂಡ. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಸೌದೆ ಉರಿಯುವಾಗ ಈ ಪ್ರಮಾಣ ಹಲವು ನೂರನ್ನು ದಾಟುತ್ತದೆ. ಮಕ್ಕಳಲ್ಲಿ ನ್ಯುಮೋನಿಯಾ, ಮಹಿಳೆಯರಲ್ಲಿ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಮತ್ತು ಕಣ್ಣಿನ ಪೊರೆ, ನವಜಾತ ಶಿಶುಗಳಲ್ಲಿ ಕಡಿಮೆ ತೂಕ ಇವೆಲ್ಲವುಗಳೊಂದಿಗೆ ಈ ಹೊಗೆಗೆ ಸಂಬಂಧವಿದೆ. ಒಂದೇ ಕೋಣೆಯ ಮನೆಯಲ್ಲಿ ಅಡುಗೆ ಮಾಡುವಾಕೆ, ಆಕೆಯ ಕಂಕುಳಲ್ಲಿರುವ ಕೂಸು, ಮೂಲೆಯಲ್ಲಿ ಮಲಗಿರುವ ವೃದ್ಧರು ಎಲ್ಲರೂ ಅದೇ ಗಾಳಿಯನ್ನು ಸೇವಿಸುತ್ತಾರೆ.

ಈ ಸಮಸ್ಯೆಗೆ ಸರ್ಕಾರಗಳು ಉತ್ತರ ಹುಡುಕುತ್ತಿರುವುದು ಇಂದು ನಿನ್ನೆಯಿಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯ ಮೂಲಕ ಹೊರಹಾಕುವ ಅಸ್ತ್ರ ಒಲೆಯನ್ನು ರೂಪಿಸಿತು. ಎಂಬತ್ತರ ದಶಕದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವೂ ಜಾರಿಗೆ ಬಂದಿತು. ಒಲೆಗಳನ್ನು ಕಟ್ಟಿಕೊಟ್ಟರು, ಆದರೆ ಕೊಳವೆಯಲ್ಲಿ ಮಸಿ ಕಟ್ಟಿದಾಗ, ಒಲೆಯ ಬಾಯಿ ಬಿರುಕು ಬಿಟ್ಟಾಗ ಸರಿಪಡಿಸುವ ಹೊಣೆಯನ್ನು ಹಲವೆಡೆ ಯಾರೂ ಹೊರಲಿಲ್ಲ. ಕಟ್ಟಿದ ಒಲೆಗಳ ಲೆಕ್ಕವಿತ್ತು, ಉರಿಯುತ್ತಿರುವ ಒಲೆಗಳ ಲೆಕ್ಕವಿರಲಿಲ್ಲ.

ಪ್ರಧಾನ ಮಂತ್ರಿ ಉಜ್ವಲ ಯೋಜನೆ 2016ರ ಮೇ 1ರಂದು ಆರಂಭವಾಯಿತು. ಬಡ ಕುಟುಂಬದ ವಯಸ್ಕ ಮಹಿಳೆಯ ಹೆಸರಿನಲ್ಲಿ ಅಡುಗೆ ಅನಿಲದ ಸಂಪರ್ಕ ನೀಡುವ ಈ ಯೋಜನೆ ಇಂದು ದೇಶದ 10 ಕೋಟಿಗೂ ಹೆಚ್ಚು ಮನೆಗಳನ್ನು ತಲುಪಿದೆ. ನಮ್ಮ ರಾಜ್ಯದಲ್ಲಿ ಮುಖ್ಯಮಂತ್ರಿ ಅನಿಲ ಭಾಗ್ಯ ಯೋಜನೆಯೂ ಇದೇ ಉದ್ದೇಶದಿಂದ ಬಂದಿತು. ಇದು ದೊಡ್ಡ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ಉಜ್ವಲ ಫಲಾನುಭವಿ ಕುಟುಂಬವೊಂದು ವರ್ಷಕ್ಕೆ ತುಂಬಿಸಿಕೊಳ್ಳುವ ಸಿಲಿಂಡರ್‌ಗಳ ಸರಾಸರಿ ಸಂಖ್ಯೆ 2019-20ರಲ್ಲಿ ಸುಮಾರು 3 ಇತ್ತು. 2024-25ರ ವೇಳೆಗೆ ನಾಲ್ಕನ್ನು ತುಸು ದಾಟಿತು. ಐದು ಜನರ ಮನೆಯಲ್ಲಿ ಎಲ್ಲ ಅಡುಗೆಯೂ ಅನಿಲದಲ್ಲೇ ಆದರೆ ವರ್ಷಕ್ಕೆ ಏಳೆಂಟು ಸಿಲಿಂಡರ್ ಬೇಕಾಗುತ್ತವೆ. ಅಂದರೆ ಸಂಪರ್ಕವಿರುವ ಎಷ್ಟೋ ಮನೆಗಳಲ್ಲಿ ಅರ್ಧದಷ್ಟು ಅಡುಗೆ ಇಂದಿಗೂ ಸೌದೆಯ ಮೇಲೆಯೇ ನಡೆಯುತ್ತಿದೆ. ನಮ್ಮ ಸಭಾ ನಡಾವಳಿಗಳಲ್ಲಿ ‘ಶೇ. 100 ಸಂಪರ್ಕ’ ಎಂದು ದಾಖಲಾದ ಗ್ರಾಮದಲ್ಲಿಯೂ ಮುಂಜಾನೆ ಕಾಲೋನಿಯ ಹೆಂಚುಗಳ ಸಂದಿಯಿಂದ ಹೊಗೆ ಏಳುವುದು ಈ ಕಾರಣದಿಂದ.

ಇದನ್ನು ಮಹಿಳೆಯರ ಅಜ್ಞಾನವೆಂದು ತಳ್ಳಿಹಾಕುವವರಿದ್ದಾರೆ. ಅದು ಸರಿಯಲ್ಲ. ಕೂಲಿ ಬರುವುದು ದಿನಕ್ಕಿಷ್ಟು, ವಾರಕ್ಕಿಷ್ಟು ಎಂದು. ಸಿಲಿಂಡರ್‌ಗೆ ಮಾತ್ರ ಪೂರ್ತಿ ಹಣವನ್ನು ಒಮ್ಮೆಲೇ ತೆರಬೇಕು, ಸಹಾಯಧನ ಖಾತೆಗೆ ಜಮೆಯಾಗುವುದು ಆಮೇಲೆ. ಸೌದೆಗೆ ಹಣ ಬೇಡ, ಆಕೆಯ ಶ್ರಮ ಸಾಕು. ಆ ಶ್ರಮವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಏಜೆನ್ಸಿಯ ವಾಹನ ಮುಖ್ಯರಸ್ತೆಯಲ್ಲೇ ನಿಂತರೆ ಸಿಲಿಂಡರ್ ಹೊತ್ತು ತರಲು ಬೇರೊಬ್ಬರನ್ನು ಹುಡುಕಬೇಕು. ಇನ್ನು ಮುದ್ದೆ ತಿರುವಲು ಅಲುಗಾಡದ ಗಟ್ಟಿ ಒಲೆ ಬೇಕು, ಹಂಡೆಯಲ್ಲಿ ಸ್ನಾನದ ನೀರು ಕಾಯಿಸಲು ಅನಿಲ ಬಳಸಿದರೆ ದುಬಾರಿಯಾಗುತ್ತದೆ. ಸ್ನಾನದ ನೀರಿನ ಈ ಒಲೆಯನ್ನು ಯಾವ ಯೋಜನೆಯೂ ಗಂಭೀರವಾಗಿ ಪರಿಗಣಿಸಿದಂತಿಲ್ಲ. ಅಡುಗೆ ಪೂರ್ತಿ ಅನಿಲಕ್ಕೆ ಬದಲಾದ ಮನೆಯಲ್ಲೂ ಹಂಡೆಯ ಕೆಳಗೆ ಬೆಂಕಿ ಆರುವುದಿಲ್ಲ.

ಅನಿಲದ ಬೆಲೆಯನ್ನು ಪಂಚಾಯಿತಿ ನಿರ್ಧರಿಸಲಾರದು. ಆದರೆ ಯಾವ ಮನೆಯ ಸಿಲಿಂಡರ್ ಮೂಲೆಯಲ್ಲಿ ಖಾಲಿ ಬಿದ್ದಿದೆ ಎಂಬುದನ್ನು ವಾರ್ಡಿನ ಸದಸ್ಯರಷ್ಟು ಸುಲಭವಾಗಿ ಬೇರಾರೂ ತಿಳಿಯಲಾರರು. ಆದ್ದರಿಂದ ಮೊದಲ ಕೆಲಸ ಎಣಿಕೆಯನ್ನು ಬದಲಿಸುವುದು. ಮುಂದಿನ ವಾರ್ಡ್ ಸಭೆಯಲ್ಲಿ ‘ಸಂಪರ್ಕವಿದೆಯೇ?’ ಎಂದು ಕೇಳುವುದರ ಬದಲು ‘ಕಳೆದ ವರ್ಷ ಎಷ್ಟು ಬಾರಿ ತುಂಬಿಸಿದಿರಿ?’ ಎಂದು ಕೇಳತಕ್ಕದ್ದು. ಉತ್ತರಗಳನ್ನು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ನೆರವಿನಿಂದ ಮನೆವಾರು ಬರೆದು ಸಾಮಾಜಿಕ ನ್ಯಾಯ ಸಮಿತಿಯ ಮುಂದಿಡಬೇಕು. ಮಹಿಳೆಯರು ಸಭೆಯಲ್ಲಿ ಈ ಬಗ್ಗೆ ಮಾತನಾಡಲು ಹಿಂಜರಿದರೆ ಮಹಿಳಾ ಸದಸ್ಯರು ಮನೆಗೆ ಹೋಗಿ ವಿಚಾರಿಸುವುದು ಉಚಿತ.

ಪಟ್ಟಿ ಕೈಗೆ ಬಂದ ಮೇಲೆ ಕಾರಣಗಳು ತಾವಾಗಿಯೇ ಬೇರೆಬೇರೆಯಾಗುತ್ತವೆ. ಉಜ್ವಲ ಫಲಾನುಭವಿಗಳಿಗೆ 2025-26ರ ಸಾಲಿನಲ್ಲಿ 9 ಸಿಲಿಂಡರ್‌ವರೆಗೆ ತಲಾ 300 ರೂಪಾಯಿ ಸಹಾಯಧನವಿದೆ. ಅದು ಜಮೆಯಾಗದಿದ್ದರೆ ಬ್ಯಾಂಕ್ ಖಾತೆ ನಿಷ್ಕ್ರಿಯವಾಗಿದೆಯೇ, ಆಧಾರ್ ಜೋಡಣೆ ತಪ್ಪಿದೆಯೇ ಎಂದು ನೋಡಬೇಕು. ಇದಕ್ಕೆ ಪಂಚಾಯಿತಿ ಕಚೇರಿಯಲ್ಲಿ ಒಂದು ದಿನ ಗೊತ್ತುಪಡಿಸಿದರೆ ಸಾಕು. ಒಮ್ಮೆಲೇ ಹಣ ಹೊಂದಿಸಲಾಗದವರಿಗೆ 5 ಕೆ.ಜಿ. ಸಿಲಿಂಡರ್‌ನ ಆಯ್ಕೆಯಿರುವುದನ್ನು ತಿಳಿಸಬೇಕು. ಸ್ವಸಹಾಯ ಸಂಘಗಳು ರೀಫಿಲ್‌ಗೆಂದೇ ಸಣ್ಣ ಸಾಲ ನೀಡುವಂತೆ ಒಕ್ಕೂಟದೊಂದಿಗೆ ಚರ್ಚಿಸಬಹುದು. ವಾಹನ ಕಾಲೋನಿಯ ಒಳಗೆ ಬಾರದಿದ್ದಲ್ಲಿ ಪಂಚಾಯಿತಿ ನಿರ್ಣಯ ಕೈಗೊಂಡು ತಾಲ್ಲೂಕಿನ ಆಹಾರ ಇಲಾಖೆಯ ಅಧಿಕಾರಿಗಳಿಗೂ ಏಜೆನ್ಸಿಗೂ ಲಿಖಿತವಾಗಿ ತಿಳಿಸಬೇಕು.

ವಸತಿ ಯೋಜನೆಗಳ ಮನೆ ಕಟ್ಟುವಾಗಲೂ ಇದೇ ಎಚ್ಚರ ಬೇಕು. ಪ್ರಧಾನ ಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ 25 ಚದರ ಮೀಟರ್ ಮನೆಯಲ್ಲಿ ನೈರ್ಮಲ್ಯಯುತ ಅಡುಗೆಗೆ ಪ್ರತ್ಯೇಕ ಸ್ಥಳವಿರಬೇಕೆಂಬ ನಿಯಮವಿದೆ. ಅಲ್ಲಿ ಎದುರುಬದುರು ಕಿಟಕಿಗಳಿವೆಯೇ, ಹಂಡೆಯ ಒಲೆಗೆ ಮಲಗುವ ಕೋಣೆಯಿಂದ ದೂರದಲ್ಲಿ ಜಾಗವಿದೆಯೇ ಎಂಬುದನ್ನು ತಳಪಾಯದ ಹಂತದಲ್ಲೇ ನೋಡಿದರೆ ಹೆಚ್ಚು ಖರ್ಚಿಲ್ಲ. ಗೋಬರ್ ಗ್ಯಾಸ್ ಒಳ್ಳೆಯದೇ, ಆದರೆ ಅದಕ್ಕೆ ದನಗಳೂ ಜಾಗವೂ ಬೇಕು. ಭೂಮಿ, ದನ ಎರಡೂ ಇಲ್ಲದ ಕುಟುಂಬಕ್ಕೆ ಅದನ್ನು ಪರಿಹಾರವೆಂದು ಹೇಳುವುದು ಮಾತು ತೇಲಿಸಿದಂತೆ.

ಕೊನೆಯದಾಗಿ, ಒಲೆ ಆರಿದರೂ ಹೊರಗಿನ ಹೊಗೆ ಮನೆಯೊಳಗೆ ಬರುತ್ತದೆ. ಕಸ ಸುರಿಯುವ ಜಾಗ ಬಹಳ ಕಡೆ ಊರಿನಾಚೆ, ಅಂದರೆ ಕಾಲೋನಿಯ ಪಕ್ಕದಲ್ಲಿರುತ್ತದೆ. ಅಲ್ಲಿ ಪ್ಲಾಸ್ಟಿಕ್ ಸುಟ್ಟರೆ ಮೊದಲು ಕೆಮ್ಮುವವರು ಯಾರೆಂದು ಹೇಳಬೇಕಾಗಿಲ್ಲ. ಸ್ವಚ್ಛ ಸಂಕೀರ್ಣಕ್ಕೆ ಸ್ಥಳ ಗುರುತಿಸುವ ನಿರ್ಣಯ ಸಭೆಯ ಮುಂದೆ ಬಂದಾಗ ಗಾಳಿ ಯಾವ ದಿಕ್ಕಿಗೆ ಬೀಸುತ್ತದೆ, ಹತ್ತಿರದ ಮನೆ ಎಷ್ಟು ದೂರದಲ್ಲಿದೆ ಎಂಬ ಎರಡು ಪ್ರಶ್ನೆಗಳನ್ನು ಸದಸ್ಯರು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಬೇಕು.